14 ವರ್ಷದ ಹುಡುಗನಿಗೆ ಪಿಟ್ಯುಟರಿ ಅಪೊಪ್ಲೆಕ್ಸಿ ಅಂತಿದಾರೆ, ಆಪರೇಷನ್ ಈಗ್ಲೇ ಬೇಡ ಅಂತಾರೆ, ಇದು ಸರೀನಾ?

ಸೋದರಮಾವ_ಕೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಮಗನ ವಿಷ್ಯ ಕೇಳ್ತಿದೀನಿ, ಗೊತ್ತಿರೋರು ದಯವಿಟ್ಟು ಹೇಳಿ. ಹುಡುಗನಿಗೆ 14 ವರ್ಷ. ಓದ್ತಾ ಕೂತಿದ್ದವನಿಗೆ ಇದ್ದಕ್ಕಿದ್ದ ಹಾಗೆ ಕಣ್ಣಿನ ಹಿಂದೆ ವಿಪರೀತ ತಲೆನೋವು ಬಂತು, ಇಂಥ ನೋವು ಯಾವತ್ತೂ ಬಂದಿಲ್ಲ ಅಂತ ಅವನೇ ಹೇಳ್ದ, ಆಮೇಲೆ ವಾಂತಿ, ಮಾರನೇ ದಿನ ಬೆಳಿಗ್ಗೆ ಎಡಗಣ್ಣಿನ ರೆಪ್ಪೆ ಅರ್ಧ ಜೋತುಬಿದ್ದಿತ್ತು, ಎಲ್ಲಾ ಎರಡೆರಡಾಗಿ ಕಾಣ್ತಿದೆ ಅಂದ. ಮೊದ್ಲು ಹೋದ ಆಸ್ಪತ್ರೇಲಿ ಸಿಟಿ ಸ್ಕ್ಯಾನ್ ಮಾಡಿ ಏನೂ ಕಾಣ್ತಿಲ್ಲ ಮೈಗ್ರೇನ್ ಇರ್ಬೇಕು ಅಂದ್ರು. ಹುಡುಗ ತುಂಬಾ ಮಂಪರಾಗಿದ್ದ, ಅದಕ್ಕೆ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಅಲ್ಲಿ ಎಂಆರ್‌ಐ ಮಾಡಿ ಪಿಟ್ಯುಟರಿ ಗ್ರಂಥೀಲಿ ಮೊದಲಿಂದ್ಲೂ ಒಂದು ಗೆಡ್ಡೆ ಇತ್ತು, ಅದರೊಳಗೆ ರಕ್ತಸ್ರಾವ ಆಗಿದೆ, ಇದನ್ನೇ ಪಿಟ್ಯುಟರಿ ಅಪೊಪ್ಲೆಕ್ಸಿ ಅನ್ನೋದು ಅಂದ್ರು. ಗೆಡ್ಡೆ 18 ಮಿಲಿಮೀಟರ್ ಇದೆಯಂತೆ.

ಬಂದ ತಕ್ಷಣ ಹೈಡ್ರೊಕಾರ್ಟಿಸೋನ್ ಅನ್ನೋ ಸ್ಟಿರಾಯ್ಡ್ ಇಂಜೆಕ್ಷನ್ ಶುರು ಮಾಡಿದ್ರು, ಬಿಪಿ ಕಡಿಮೆ ಇತ್ತು ಸೋಡಿಯಂ ಕಡಿಮೆ ಇತ್ತು ಅಂತಾರೆ, ಈಗ ಹುಡುಗ ಎಚ್ಚರವಾಗಿ ಮಾತಾಡ್ತಿದಾನೆ. ದೃಷ್ಟಿ ಟೆಸ್ಟ್ ಮಾಡಿ ನೋಟ ಸರಿಯಿದೆ, ರೆಪ್ಪೆ ಮಾತ್ರ ಇಳಿದಿದೆ, ಅದಕ್ಕೆ ಆಪರೇಷನ್ ಈಗ ಬೇಡ, ದಿನಾ ನೋಡ್ತಾ ಕಾಯೋಣ ಅಂತ ನ್ಯೂರೋಸರ್ಜನ್ ಹೇಳ್ತಾರೆ. ತಲೆ ಒಳಗೆ ರಕ್ತ ಇಟ್ಕೊಂಡು ಕಾಯೋದು ಅಂದ್ರೆ ತಂಗಿಗೆ ಜೀವಾನೇ ಹೋಗ್ತಿದೆ. ಮಕ್ಕಳಿಗೂ ಇದು ಬರುತ್ತಾ? ಕಾಯೋದು ಸರೀನಾ? ಸ್ಟಿರಾಯ್ಡ್ ಎಷ್ಟು ದಿನ? ಇನ್ನೊಂದು, ಇವನು ಕ್ಲಾಸಲ್ಲಿ ಎಲ್ಲರಿಗಿಂತ ಕುಳ್ಳಗೆ, ಎರಡು ವರ್ಷದಿಂದ ಎತ್ತರ ಅಷ್ಟಾಗಿ ಬೆಳೆದೇ ಇಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹಾರ್ಮೋನ್_ಡಾಕ್ಟ್ರು

ಸರ್, ನಾನು ಮಕ್ಕಳ ಹಾರ್ಮೋನ್ ವಿಭಾಗದಲ್ಲಿ ಕೆಲಸ ಮಾಡ್ತೀನಿ. ನಿಮ್ಮ ಹುಡುಗನ್ನ ನಾನು ನೋಡಿಲ್ಲ, ಹಾಗಾಗಿ ಅಲ್ಲಿರೋ ಡಾಕ್ಟರ್ ಮಾತೇ ಅಂತಿಮ. ಆದ್ರೆ ನೀವು ಬರೆದಿದ್ದು ಓದಿದ್ರೆ ಅವರು ಹೆಜ್ಜೆ ಸರಿಯಾಗೇ ಇಡ್ತಿದಾರೆ ಅನ್ಸುತ್ತೆ.

ಪಿಟ್ಯುಟರಿ ಅಂದ್ರೆ ಮೆದುಳಿನ ಬುಡದಲ್ಲಿ, ಮೂಗಿನ ಹಿಂಭಾಗದ ಮೇಲೆ ಒಂದು ಮೂಳೆ ಗುಂಡೀಲಿ ಕೂತಿರೋ ಬಟಾಣಿ ಕಾಳಿನಷ್ಟು ಗ್ರಂಥಿ. ಸುತ್ತ ಜಾಗ ಬಹಳ ಇಕ್ಕಟ್ಟು. ಸರಿಯಾಗಿ ಮೇಲೆ ಎರಡೂ ಕಣ್ಣಿನ ದೃಷ್ಟಿ ನರಗಳು ಸೇರೋ ಜಾಗ, ಎರಡೂ ಪಕ್ಕದಲ್ಲಿ ಕಣ್ಣುಗುಡ್ಡೆ ತಿರುಗಿಸೋ, ರೆಪ್ಪೆ ಎತ್ತೋ ನರಗಳು. ಗೆಡ್ಡೆ ಒಳಗೆ ರಕ್ತ ಸೋರಿದ್ರೆ, ಇಲ್ಲಾ ರಕ್ತ ಪೂರೈಕೆ ನಿಂತು ಗೆಡ್ಡೆ ಸತ್ತು ಊದಿಕೊಂಡ್ರೆ, ಒಂದೇ ಸಲ ಎಲ್ಲಾ ಕಡೆ ಒತ್ತುತ್ತೆ. ಅದಕ್ಕೇ ಆ ತಲೆನೋವು ಅಷ್ಟು ದಿಢೀರ್ ಬರೋದು. ಪಕ್ಕದ ನರ ಒತ್ತಿದ್ರೆ ರೆಪ್ಪೆ ಇಳಿಯುತ್ತೆ, ಎರಡೆರಡು ಕಾಣುತ್ತೆ, ಮೇಲಿನದು ಒತ್ತಿದ್ರೆ ನೋಟಾನೇ ಹೋಗುತ್ತೆ. ನಿಮ್ಮ ಹುಡುಗನಿಗೆ ಪಕ್ಕಕ್ಕೆ ಒತ್ತಿದೆ, ಮೇಲಕ್ಕೆ ಅಷ್ಟಾಗಿ ಒತ್ತಿಲ್ಲ. ಕಾಯೋಣ ಅನ್ನೋ ನಿರ್ಧಾರ ನಿಂತಿರೋದು ಈ ವ್ಯತ್ಯಾಸದ ಮೇಲೇನೇ. ರೆಪ್ಪೆ, ಕಣ್ಣಿನ ಚಲನೆ ತೊಂದರೆ ಹೆಚ್ಚಿನವರಲ್ಲಿ ಆಪರೇಷನ್ ಇಲ್ಲದೇನೂ ವಾರಗಳು ತಿಂಗಳುಗಳಲ್ಲಿ ವಾಪಸ್ ಬರುತ್ತೆ. ನೋಟ ಕಡಿಮೆ ಆಗ್ತಾ ಹೋದ್ರೆ, ಪ್ರಜ್ಞೆ ಮಂಕಾದ್ರೆ, ಆಗ ಮೂಗಿನ ಮೂಲಕ ಹೋಗಿ ಆಪರೇಷನ್ ಮಾಡ್ತಾರೆ, ಅದನ್ನ ತಡ ಮಾಡಲ್ಲ, ದೊಡ್ಡವರ ಮಾರ್ಗಸೂಚೀಲಿ ಆದಷ್ಟೂ ಮೊದಲ 7 ದಿನದ ಒಳಗೆ ಅಂತಾರೆ. ಗೆಡ್ಡೆ ಒಳಗಿನ ರಕ್ತ ಎಷ್ಟೋ ಸಲ ತಾನೇ ಕರಗಿ, ಗೆಡ್ಡೇನೂ ಕುಗ್ಗಿಬಿಡುತ್ತೆ.

ಮಕ್ಕಳಿಗೂ ಬರುತ್ತಾ ಅಂದ್ರಿ. ಬರುತ್ತೆ, ಆದ್ರೆ ಅಪರೂಪ, ಯಾಕಂದ್ರೆ ಮಕ್ಕಳಲ್ಲಿ ಪಿಟ್ಯುಟರಿ ಗೆಡ್ಡೇನೇ ಅಪರೂಪ. ಬಂದಾಗ ಹೆಚ್ಚಾಗಿ ಹದಿಹರೆಯದಲ್ಲಿ, ಅದರಲ್ಲೂ 10 ಮಿಲಿಮೀಟರ್‌ಗಿಂತ ದೊಡ್ಡ ಗೆಡ್ಡೆಗಳಲ್ಲಿ. ಅಪರೂಪ ಆಗಿರೋದ್ರಿಂದ್ಲೇ ಯಾರ ತಲೆಗೂ ಮೊದ್ಲು ಹೊಳೆಯಲ್ಲ, ಮೈಗ್ರೇನ್, ಮೆದುಳು ಪೊರೆಯ ಸೋಂಕು, ಬೇರೆ ಥರ ಮೆದುಳಿನ ರಕ್ತಸ್ರಾವ, ಇವೇ ಮೊದ್ಲು ನೆನಪಾಗೋದು. ಮಾಮೂಲಿ ಸಿಟಿ ಸ್ಕ್ಯಾನಲ್ಲಿ ಇದು ತಪ್ಪಿಹೋಗೋದೂ ಸಾಮಾನ್ಯ, ಆ ಜಾಗ ಮೂಳೆ ಮಧ್ಯೆ ಇರೋದ್ರಿಂದ ಸಣ್ಣ ರಕ್ತ ಎದ್ದು ಕಾಣಲ್ಲ. ಸರಿಯಾಗಿ ತೋರಿಸೋದು ಎಂಆರ್‌ಐ. ಈ ಥ್ರೆಡ್ ಓದೋ ಬೇರೆಯವರಿಗೂ ಹೇಳ್ತೀನಿ, ಮಕ್ಕಳಿಗೆ ಯಾವತ್ತೂ ಇಲ್ಲದ ತಲೆನೋವು ದಿಢೀರ್ ಬಂದು, ಜೊತೆಗೆ ರೆಪ್ಪೆ ಇಳಿದ್ರೆ, ಎರಡೆರಡು ಕಂಡ್ರೆ, ನೋಟ ಮಂಜಾದ್ರೆ ಅಥವಾ ಮಗು ಮಂಪರಾದ್ರೆ, ಸಿಟಿ ನಾರ್ಮಲ್ ಬಂತು ಅಂತ ಮನೆಗೆ ಹೋಗ್ಬೇಡಿ.

ಇನ್ನು ಸ್ಟಿರಾಯ್ಡ್. ಇದನ್ನ ಒತ್ತಿ ಹೇಳ್ಬೇಕು. ಪಿಟ್ಯುಟರಿ ಕೆಟ್ಟಾಗ ಜೀವಕ್ಕೆ ಮೊದ್ಲು ಅಪಾಯ ತರೋದು ಕಾರ್ಟಿಸಾಲ್ ಅನ್ನೋ ಹಾರ್ಮೋನಿನ ಕೊರತೆ. ಪಿಟ್ಯುಟರಿಯಿಂದ ಎಸಿಟಿಎಚ್ ಅನ್ನೋ ಹಾರ್ಮೋನ್ ಬರ್ದಿದ್ರೆ ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಮಾಡಲ್ಲ, ಬಿಪಿ ಬೀಳುತ್ತೆ, ಸಕ್ಕರೆ ಬೀಳುತ್ತೆ, ಸೋಡಿಯಂ ಇಳಿಯುತ್ತೆ, ಮಗು ಮಂಕಾಗುತ್ತೆ. ಅದಕ್ಕೇ ರಕ್ತದ ಸ್ಯಾಂಪಲ್ ತೆಗೆದು ರಿಪೋರ್ಟ್‌ಗೆ ಕಾಯದೆ, ಕಾರ್ಟಿಸಾಲ್ ಬದಲಿಗೆ ಹೈಡ್ರೊಕಾರ್ಟಿಸೋನ್ ಕೊಡೋದು. ನಿಮ್ಮ ಹುಡುಗ ಎಚ್ಚರ ಆಗಿ ಮಾತಾಡ್ತಿರೋದಕ್ಕೆ ಆ ಇಂಜೆಕ್ಷನ್ ದೊಡ್ಡ ಕಾರಣ ಇರ್ಬೇಕು. ಎಷ್ಟು ದಿನ ಅನ್ನೋದು ಈಗ್ಲೇ ಹೇಳಕ್ಕಾಗಲ್ಲ, ಕೆಲವು ವಾರ ಆದ್ಮೇಲೆ ಟೆಸ್ಟ್ ಮಾಡಿ ದೇಹ ತಾನೇ ಮಾಡ್ತಿದೆಯಾ ನೋಡ್ತಾರೆ. ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ಜೀವನಪೂರ್ತಿ ಮಾತ್ರೆ ಬೇಕಾಗುತ್ತೆ. ಥೈರಾಯ್ಡ್ ಕಡಿಮೆ ಬಂದ್ರೂ ಮೊದ್ಲು ಕಾರ್ಟಿಸಾಲ್ ಸರಿಮಾಡಿ ಆಮೇಲೇನೇ ಥೈರಾಕ್ಸಿನ್ ಶುರು ಮಾಡೋದು, ಈ ಕ್ರಮ ಉಲ್ಟಾ ಆಗ್ಬಾರ್ದು.

ಎತ್ತರದ ವಿಷ್ಯ ನೀವು ಹೇಳಿದ್ದು ಒಳ್ಳೇದಾಯ್ತು, ಇದನ್ನ ಅಲ್ಲಿನ ಡಾಕ್ಟರ್‌ಗೂ ತಪ್ಪದೆ ಹೇಳಿ, ಹಳೇ ಎತ್ತರ ತೂಕದ ದಾಖಲೆ ಸ್ಕೂಲಲ್ಲೋ ಲಸಿಕೆ ಪುಸ್ತಕದಲ್ಲೋ ಇದ್ರೆ ಹುಡುಕಿ ಕೊಡಿ. ಎರಡು ವರ್ಷದಿಂದ ಬೆಳವಣಿಗೆ ನಿಧಾನ ಆಗಿದೆ ಅಂದ್ರೆ ಗೆಡ್ಡೆ ರಕ್ತಸ್ರಾವಕ್ಕೆ ಎಷ್ಟೋ ಮೊದಲೇ ಗ್ರೋತ್ ಹಾರ್ಮೋನನ್ನ ಅದುಮಿಟ್ಟಿರೋ ಸಾಧ್ಯತೆ ಇದೆ. ಪ್ರೊಲ್ಯಾಕ್ಟಿನ್ ಹಾರ್ಮೋನ್ ಟೆಸ್ಟಿಗೆ ಕಳ್ಸಿದಾರಾ?

ಸೋದರಮಾವ_ಕೆ

ಡಾಕ್ಟ್ರೇ ತುಂಬಾ ಥ್ಯಾಂಕ್ಸ್, ತಂಗಿಗೆ ಎಲ್ಲಾ ಓದಿ ಹೇಳ್ದೆ, ಸ್ವಲ್ಪ ಸಮಾಧಾನ ಆದ್ಲು. ಪ್ರೊಲ್ಯಾಕ್ಟಿನ್ ಕಳ್ಸಿದಾರೆ, ರಿಪೋರ್ಟ್ ಬಂದಿಲ್ಲ. ಅದು ಹಾಲು ಬರೋ ಹಾರ್ಮೋನ್ ಅಲ್ವಾ, ಹುಡುಗನಿಗೆ ಯಾಕೆ ಅಂತ ಅರ್ಥ ಆಗ್ಲಿಲ್ಲ.

ಹಾರ್ಮೋನ್_ಡಾಕ್ಟ್ರು

ಹುಡುಗರಲ್ಲೂ ಇರುತ್ತೆ ಸರ್. ಹದಿಹರೆಯದಲ್ಲಿ ಬರೋ ಪಿಟ್ಯುಟರಿ ಗೆಡ್ಡೆಗಳಲ್ಲಿ ಪ್ರೊಲ್ಯಾಕ್ಟಿನ್ ಸುರಿಸೋ ಗೆಡ್ಡೇನೇ ಹೆಚ್ಚು. ಹುಡುಗಿಯರಲ್ಲಿ ಮುಟ್ಟು ನಿಂತು ಬೇಗ ಗೊತ್ತಾಗುತ್ತೆ, ಹುಡುಗರಲ್ಲಿ ಅಂಥ ಸುಳಿವು ಇಲ್ಲದೆ ಗೆಡ್ಡೆ ದೊಡ್ಡದಾದ ಮೇಲೇನೇ ಸಿಕ್ಕೋದು. ಪ್ರೊಲ್ಯಾಕ್ಟಿನ್ ತುಂಬಾ ಜಾಸ್ತಿ ಬಂದ್ರೆ ಕ್ಯಾಬರ್ಗೋಲಿನ್ ಅಂತ ಮಾತ್ರೆ ಇದೆ, ವಾರಕ್ಕೆ ಒಂದೆರಡು ಸಲ ತಗೊಳೋದು, ಅದರಿಂದ್ಲೇ ಗೆಡ್ಡೆ ಕುಗ್ಗುತ್ತೆ, ಎಷ್ಟೋ ಮಕ್ಕಳಿಗೆ ಆಪರೇಷನ್ ಬೇಕಾಗೋದೇ ಇಲ್ಲ. ಆದ್ರೆ ರಕ್ತಸ್ರಾವದಲ್ಲಿ ಗೆಡ್ಡೆಯ ಜೀವಕೋಶ ಸತ್ತಿದ್ರೆ ಪ್ರೊಲ್ಯಾಕ್ಟಿನ್ ಕಡಿಮೇನೂ ಬರಬಹುದು, ಹಾಗಾಗಿ ಒಂದು ನಂಬರ್ ನೋಡಿ ತೀರ್ಮಾನಕ್ಕೆ ಬರಲ್ಲ.

ಕಣ್ಣು_ಪರೀಕ್ಷಕಿ

ನಾನು ಆಪ್ಟೊಮೆಟ್ರಿಸ್ಟ್. ಕಣ್ಣಿನ ಭಾಗಕ್ಕೆ ಸೇರಿದ್ದು ಮಾತ್ರ ಹೇಳ್ತೀನಿ. ಈ ಗೆಡ್ಡೆ ಮೇಲಕ್ಕೆ ಒತ್ತಿದ್ರೆ ಮೊದ್ಲು ಹೋಗೋದು ಎರಡೂ ಹೊರಬದಿಯ ನೋಟ, ಅಂದ್ರೆ ನೇರ ಎದುರಿಗಿರೋದು ಚೆನ್ನಾಗೇ ಕಾಣುತ್ತೆ, ಬೋರ್ಡ್ ಮೇಲಿನ ಅಕ್ಷರಾನೂ ಓದ್ತಾರೆ, ಪಕ್ಕದಿಂದ ಬರೋದು ಕಾಣಲ್ಲ. ಮಕ್ಕಳು ಇದನ್ನ ಹೇಳಲ್ಲ, ಯಾಕಂದ್ರೆ ಅವರಿಗೇ ಗೊತ್ತಾಗಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸ್ಕೊಳೋದು, ಪಕ್ಕದಲ್ಲಿ ನಿಂತೋರನ್ನ ಗಮನಿಸದೇ ಇರೋದು, ಕೆಂಪು ಬಣ್ಣ ಮಾಸಿದ ಹಾಗೆ ಕಾಣೋದು, ಇವೆಲ್ಲ ಸುಳಿವು. ಈಗ ದಿನಾ ಆಸ್ಪತ್ರೇಲಿ ನೋಟ, ನೋಟದ ವಿಸ್ತಾರ, ಕಣ್ಣಪಾಪೆ ಎಲ್ಲಾ ನೋಡ್ತಿರ್ತಾರೆ, ಆದ್ರೂ ಪಕ್ಕದಲ್ಲಿ ಕೂತಿರೋ ನೀವು ಏನಾದ್ರೂ ಬದಲಾವಣೆ ಕಂಡ್ರೆ ರೌಂಡ್ಸ್ ಬರ್ಲಿ ಅಂತ ಕಾಯ್ಬೇಡಿ, ಮಧ್ಯರಾತ್ರಿ ಆದ್ರೂ ಸಿಸ್ಟರ್‌ನ ಎಬ್ಬಿಸಿ ಹೇಳಿ. ಎರಡೆರಡು ಕಾಣೋದಕ್ಕೆ ಒಂದು ಕಣ್ಣಿಗೆ ಪ್ಯಾಚ್ ಹಾಕ್ಕೊಳೋದು ತಾತ್ಕಾಲಿಕ ಆರಾಮ, ಕೇಳಿ ನೋಡಿ.

ಹಳೇಬೇರು

ಅಣ್ಣಾ ಬೇಜಾರ್ ಮಾಡ್ಕೋಬೇಡಿ, ಸ್ಟಿರಾಯ್ಡ್ ಅಂದ್ರೆ ನಂಗೆ ಭಯ. ನಮ್ಮ ಚಿಕ್ಕಮ್ಮನಿಗೆ ಬೇರೆ ಕಾಯಿಲೆಗೆ ಕೊಟ್ಟು ಮುಖ ಊದಿ, ಮೂಳೆ ಸವೆದು ಬಹಳ ಕಷ್ಟಪಟ್ರು. 14 ವರ್ಷದ ಬೆಳೆಯೋ ಹುಡುಗನಿಗೆ ಅದನ್ನೇ ತಿಂಗಳುಗಟ್ಲೆ ಕೊಡ್ತಾರೆ ಅಂದ್ರೆ ಹೇಗೆ, ಮನೆಗೆ ಬಂದ್ಮೇಲೆ ನಿಧಾನಕ್ಕೆ ನಿಲ್ಸೋ ದಾರಿ ನೋಡಬಹುದಲ್ವಾ.

ಹಾರ್ಮೋನ್_ಡಾಕ್ಟ್ರು

ನಿಮ್ಮ ಭಯ ಅರ್ಥ ಆಗುತ್ತೆ, ತುಂಬಾ ಅಪ್ಪ ಅಮ್ಮಂದಿರು ಇದನ್ನೇ ಕೇಳ್ತಾರೆ. ಆದ್ರೆ ಸಲಹೆ ಒಪ್ಪಕ್ಕಾಗಲ್ಲ, ಅಪಾಯದ ಸಲಹೆ ಅದು. ನಿಮ್ಮ ಚಿಕ್ಕಮ್ಮನಿಗೆ ಉರಿಯೂತ ಅಡಗಿಸೋಕೆ ಅಂತ ದೇಹ ಮಾಡೋದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕೊಟ್ಟಿರ್ತಾರೆ, ಅಡ್ಡಪರಿಣಾಮ ಆ ಹೆಚ್ಚುವರಿಯಿಂದ. ಈ ಹುಡುಗನಿಗೆ ಮೊದಲ ಕೆಲವು ದಿನ ಬಿಟ್ರೆ ಆಮೇಲೆ ಕೊಡೋದು ಆರೋಗ್ಯವಂತ ದೇಹ ದಿನಾ ತಾನೇ ಮಾಡ್ಕೊಳೋ ಅಳತೇನೇ, ಮೈಯ ಅಳತೆ ಲೆಕ್ಕ ಹಾಕಿ ದಿನಕ್ಕೆ ಎರಡು ಮೂರು ಸಲ ಹಂಚಿ ಕೊಡ್ತಾರೆ, ಬೆಳಿಗ್ಗೆ ಡೋಸ್ ಸ್ವಲ್ಪ ಜಾಸ್ತಿ, ಯಾಕಂದ್ರೆ ದೇಹಾನೂ ಬೆಳಿಗ್ಗೇನೇ ಜಾಸ್ತಿ ಮಾಡೋದು. ಅಳತೆ ಮೀರಿದ್ರೆ ಬೆಳವಣಿಗೆ ಕುಂಠಿತ ಆಗೋದು ನಿಜ, ಅದಕ್ಕೇ ಎತ್ತರ ತೂಕ ನೋಡ್ತಾ ಡೋಸ್ ಸರಿ ಮಾಡ್ತಾ ಇರ್ತಾರೆ. ಟೆಸ್ಟ್ ಮಾಡಿ ಡಾಕ್ಟರ್ ಹೇಳೋವರೆಗೂ ಒಂದು ಡೋಸ್ ಕೂಡ ಮನೇಲಿ ನೀವಾಗಿ ನಿಲ್ಲಿಸಬಾರ್ದು. ನಿಲ್ಸಿದ ಮೇಲೆ ಒಂದು ಮಾಮೂಲಿ ಜ್ವರ ವಾಂತಿ ಬಂದ್ರೂ ಆ ಮಗು ಶಾಕ್‌ಗೆ ಹೋಗಬಹುದು, ಪ್ರಾಣ ಹೋಗಬಹುದು.

ಹಳೇಬೇರು

ಸರಿ ಡಾಕ್ಟ್ರೇ, ಈ ವ್ಯತ್ಯಾಸ ನಂಗೆ ಯಾರೂ ಹೇಳಿರ್ಲಿಲ್ಲ. ಅಣ್ಣಾ, ಡಾಕ್ಟರ್ ಹೇಳ್ದಂಗೇ ಮಾಡಿ.

ನೀಲಿಕೊಡೆ

ನನ್ನ ಮಗಳಿಗೆ 16ರಲ್ಲಿ ಇದೇ ಆಗಿತ್ತು ಅಣ್ಣ, ಈಗ ಕಾಲೇಜು ಮುಗಿಸ್ತಿದಾಳೆ, ಅದಕ್ಕೆ ಮೊದ್ಲು ಇದನ್ನೇ ಹೇಳ್ಬಿಡ್ತೀನಿ, ನಿಮ್ಮ ತಂಗಿಗೆ ಓದಿ ಹೇಳಿ, ಚೆನ್ನಾಗಿದಾಳೆ. ಅವಳಿಗೆ ನೋಟ ಇಳಿತಾ ಇತ್ತು, ಆಪರೇಷನ್ ಮಾಡಿದ್ರು, ಮೂಗಿಂದ್ಲೇ ಹೋಗಿದ್ರಿಂದ ಹೊರಗೆ ಗಾಯ ಇಲ್ಲ, ನೋಟ ಬಹುಪಾಲು ವಾಪಸ್ ಬಂತು. ವಾಪಸ್ ಬರದೇ ಇದ್ದಿದ್ದು ಹಾರ್ಮೋನ್‌ಗಳು. ಕಾರ್ಟಿಸಾಲ್, ಥೈರಾಯ್ಡ್, ಮುಟ್ಟಿನ ಹಾರ್ಮೋನ್ ಎಲ್ಲಾ ಹೊರಗಿಂದ್ಲೇ.

ನಂಗೆ ಯಾರೂ ಮೊದ್ಲೇ ಹೇಳದ ವಿಷ್ಯ ಅಂದ್ರೆ ಆಸ್ಪತ್ರೆ ದಿನಗಳಿಗಿಂತ ಆಮೇಲಿನ ಮೊದಲ ವರ್ಷ ಕಷ್ಟ. ಗೆಳತಿಯರಿಗೆಲ್ಲ ಮುಟ್ಟು ಬರ್ತಿರುತ್ತೆ, ಇವಳಿಗೆ ಇಲ್ಲ, ಸುಸ್ತು, ಕ್ಲಾಸಲ್ಲಿ ನಿದ್ದೆ, ಸೋಮಾರಿ ಅಂತ ಅನ್ನಿಸ್ಕೊಳೋದು, ಅಳು, ಯಾರ ಹತ್ರಾನೂ ಮಾತಾಡಲ್ಲ. ಡೋಸ್‌ಗಳು ಸರಿ ಹೊಂದಕ್ಕೆ ಟೈಮ್ ಹಿಡಿಯುತ್ತೆ. ಸ್ಕೂಲಲ್ಲಿ ಕ್ಲಾಸ್ ಟೀಚರ್‌ಗೆ, ಆಟ ಕಲಿಸೋ ಮೇಷ್ಟ್ರಿಗೆ ಬರವಣಿಗೇಲಿ ಕೊಡಿ, ಏನು ಕಾಯಿಲೆ, ಏನಾದ್ರೆ ಏನು ಮಾಡ್ಬೇಕು ಅಂತ. ಹುಡುಗನ ಮುಂದೆಯೇ ಮಾತಾಡಿ, ಅವನಿಗೆ ಗೊತ್ತಿಲ್ಲದ ಹಾಗೆ ದೊಡ್ಡವರು ಪಿಸುಗುಟ್ಟೋದು ಬೇಡ, 14 ವರ್ಷದವನಿಗೆ ಎಲ್ಲಾ ಅರ್ಥ ಆಗುತ್ತೆ.

ಇನ್ನು ಕಾಯಿಲೆ ದಿನಗಳ ನಿಯಮ. ಡಿಸ್ಚಾರ್ಜ್ ಆಗೋಕೆ ಮೊದ್ಲು ಇದನ್ನ ಕಲೀದೆ ಮನೆಗೆ ಬರ್ಲೇಬೇಡಿ. ಜ್ವರ ಬಂದ್ರೆ ಹೈಡ್ರೊಕಾರ್ಟಿಸೋನ್ ಡೋಸ್ ಎರಡು ಮೂರು ಪಟ್ಟು ಮಾಡ್ಬೇಕು, ಎಷ್ಟು ಅಂತ ನಿಮ್ಮ ಡಾಕ್ಟರ್ ಬರೆದುಕೊಡ್ತಾರೆ. ಮಾತ್ರೆ ವಾಂತಿ ಆಗಿ ನಿಲ್ತಿಲ್ಲ ಅಂದ್ರೆ, ಬಿದ್ದು ಜೋರಾಗಿ ಪೆಟ್ಟಾದ್ರೆ, ಎಬ್ಬಿಸಿದ್ರೂ ಸರಿಯಾಗಿ ಏಳ್ತಿಲ್ಲ ಅಂದ್ರೆ, ತೊಡೆಗೆ ಇಂಜೆಕ್ಷನ್ ಕೊಟ್ಟು ಆಮೇಲೆ ಆಸ್ಪತ್ರೆಗೆ ಓಡೋದು. ನಮ್ಗೆ 100 ಮಿಲಿಗ್ರಾಂ ಅಂತ ಬರೆದಿದ್ರು, ಇಂಜೆಕ್ಷನ್ ಹೇಗೆ ಕಲಸಿ ಕೊಡೋದು ಅಂತ ಸಿಸ್ಟರ್ ನಂಗೂ ನಮ್ಮನೆಯವರಿಗೂ ಮಗಳಿಗೂ ಕಲಿಸಿದ್ರು. ಕೈಗೆ ಒಂದು ಎಚ್ಚರಿಕೆ ಬಳೆ ಹಾಕ್ಸಿದೀವಿ, ಸ್ಟಿರಾಯ್ಡ್ ಮೇಲೆ ಇದಾಳೆ ಅಂತ ಬರೆದಿದೆ. ಹಲ್ಲು ಕೀಳಿಸೋದು ಇರ್ಲಿ, ಬೇರೆ ಯಾವ ಆಪರೇಷನ್ ಇರ್ಲಿ, ಮೊದಲೇ ಹೇಳ್ಬೇಕು.

ಸೋದರಮಾವ_ಕೆ

ಅಕ್ಕಾ ನಿಮ್ಮ ಮೆಸೇಜ್ ತಂಗಿ ಎರಡು ಸಲ ಓದಿಸ್ಕೊಂಡ್ಲು. ತುಂಬಾ ಉಪಕಾರ ಆಯ್ತು.

ಡಾಕ್ಟ್ರೇ ಒಂದು ಹೊಸ ವಿಷ್ಯ. ನಿನ್ನೆ ರಾತ್ರಿಯಿಂದ ಹುಡುಗ ಸಿಕ್ಕಾಪಟ್ಟೆ ನೀರು ಕುಡೀತಿದಾನೆ, ಪದೇ ಪದೇ ಮೂತ್ರಕ್ಕೆ ಏಳ್ತಾನೆ, ನೀರಿನ ಥರಾನೇ ಬಣ್ಣ ಇಲ್ಲ. ಗ್ಲೂಕೋಸ್ ಹಾಕ್ತಿರೋದಕ್ಕೆ ಇರ್ಬೇಕು ಅಂತ ಪಕ್ಕದ ಬೆಡ್ಡೋರು ಅಂದ್ರು. ಇದು ಮಾಮೂಲಾ?

ಹಾರ್ಮೋನ್_ಡಾಕ್ಟ್ರು

ಸರ್ ಈಗ್ಲೇ ವಾರ್ಡ್ ಡಾಕ್ಟರ್‌ಗೆ ಹೇಳಿ, ಆಮೇಲೆ ಮುಂದೆ ಓದಿ.

ಪಿಟ್ಯುಟರಿಯ ಹಿಂಭಾಗದಿಂದ ಬರೋ ಒಂದು ಹಾರ್ಮೋನ್ ಮೂತ್ರದಲ್ಲಿ ನೀರು ಪೋಲಾಗದ ಹಾಗೆ ತಡೆಯುತ್ತೆ. ಅದು ಕಡಿಮೆ ಆದ್ರೆ ಹೀಗಾಗುತ್ತೆ, ಡಯಾಬಿಟಿಸ್ ಇನ್ಸಿಪಿಡಸ್ ಅಂತಾರೆ, ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ. ಅಪೊಪ್ಲೆಕ್ಸೀಲಿ ಇದು ಎಲ್ಲರಿಗೂ ಬರಲ್ಲ. ಬಂದಾಗ ಒಂದು ವಿಚಿತ್ರ ಇದೆ, ಕಾರ್ಟಿಸಾಲ್ ಕೊರತೆ ಇರೋವಾಗ ಕಿಡ್ನಿ ನೀರನ್ನ ಸರಿಯಾಗಿ ಹೊರಗೆ ಹಾಕಲ್ಲ, ಹಾಗಾಗಿ ಈ ತೊಂದರೆ ಮುಚ್ಚಿಹೋಗಿರುತ್ತೆ, ಹೈಡ್ರೊಕಾರ್ಟಿಸೋನ್ ಶುರು ಮಾಡಿದ ಮೇಲೆ ಬಯಲಾಗುತ್ತೆ. ಸ್ಟಿರಾಯ್ಡ್‌ನಿಂದ ಹೀಗಾಯ್ತು ಅಂದ್ಕೊಂಡು ಯಾರೂ ಅದನ್ನ ನಿಲ್ಲಿಸಬಾರ್ದು. ಅವನು ಕೇಳಿದಷ್ಟು ನೀರು ಕೊಡಿ, ತಡೀಬೇಡಿ. ಕುಡಿದಿದ್ದು ಎಷ್ಟು, ಮೂತ್ರ ಎಷ್ಟು ಅಂತ ಅಳೆದು ಬರೆದಿಡಿ. ಸೋಡಿಯಂ, ಸಕ್ಕರೆ, ಮೂತ್ರದ ಸಾಂದ್ರತೆ ನೋಡಿ ಅವರು ತೀರ್ಮಾನ ಮಾಡ್ತಾರೆ.

ಸೋದರಮಾವ_ಕೆ

ಹೇಳಿದ ತಕ್ಷಣ ಬಂದ್ರು ಸರ್. ಸೋಡಿಯಂ ಜಾಸ್ತಿ ಆಗಿತ್ತಂತೆ, ನೀವು ಹೇಳಿದ ಆ ಹಾರ್ಮೋನ್ ಬದಲಿಗೆ ಡೆಸ್ಮೊಪ್ರೆಸಿನ್ ಅನ್ನೋ ಔಷಧ ಶುರು ಮಾಡಿದಾರೆ, ಈಗ ಮೂತ್ರ ಕಡಿಮೆ ಆಗಿದೆ, ನಿದ್ದೆ ಮಾಡ್ತಿದಾನೆ. ಪ್ರೊಲ್ಯಾಕ್ಟಿನ್ ಕೂಡ ಬಂತು, ತುಂಬಾನೇ ಜಾಸ್ತಿ ಇದೆ, ರೆಪ್ಪೆ ಸ್ವಲ್ಪ ಮೇಲೆ ಬಂದಿದೆ ನೋಟಾನೂ ಹಾಗೇ ಇದೆ ಅಂತ ಆಪರೇಷನ್ ಬಿಟ್ಟು ಕ್ಯಾಬರ್ಗೋಲಿನ್ ಕೊಡೋಣ ಅಂದ್ರು. ಜೊತೆಗೆ ಜೆನೆಟಿಕ್ ಟೆಸ್ಟ್ ಬೇಕು ಅಂತಾರೆ. ನಮ್ಮ ಮನೇಲಿ ಯಾರಿಗೂ ಇಂಥದ್ದಿಲ್ಲ, ಇವನಿಗೊಬ್ಬಳು ತಂಗಿ ಇದಾಳೆ, ಅವಳಿಗೂ ಬರುತ್ತೆ ಅಂತಾನಾ?

ಹಾರ್ಮೋನ್_ಡಾಕ್ಟ್ರು

ಒಳ್ಳೇ ಸುದ್ದಿ ಸರ್. ಡೆಸ್ಮೊಪ್ರೆಸಿನ್ ಕೊಡೋವಾಗ ಈಗ ಉಲ್ಟಾ, ಬೇಕಾಬಿಟ್ಟಿ ನೀರು ಕುಡಿಸಬಾರ್ದು, ಬಾಯಾರಿಕೆ ಆದಷ್ಟು ಮಾತ್ರ, ಇಲ್ಲಾಂದ್ರೆ ಸೋಡಿಯಂ ಕೆಳಗೆ ಬೀಳುತ್ತೆ.

ಜೆನೆಟಿಕ್ ಟೆಸ್ಟ್ ಮಾಡ್ಸಿ. ಚಿಕ್ಕ ವಯಸ್ಸಲ್ಲಿ ದೊಡ್ಡ ಪಿಟ್ಯುಟರಿ ಗೆಡ್ಡೆ ಬಂದೋರಲ್ಲಿ ಒಂದು ಪಾಲು ಜನಕ್ಕೆ ಹುಟ್ಟಿನಿಂದ್ಲೇ ಜೀನ್ ಬದಲಾವಣೆ ಇರುತ್ತೆ, ಮುಖ್ಯವಾಗಿ ಎಐಪಿ ಮತ್ತೆ ಎಂಇಎನ್1 ಅನ್ನೋ ಎರಡು ಜೀನ್. ಎಐಪಿಯ ಪಾತ್ರ ಗೊತ್ತಾಗಿದ್ದೇ 2006ರಲ್ಲಿ. ಈ ಬದಲಾವಣೆ ಹೊತ್ತ ಎಲ್ಲರಿಗೂ ಗೆಡ್ಡೆ ಬರಲ್ಲ, ಹಾಗಾಗಿ ಮನೇಲಿ ಯಾರಿಗೂ ಇಲ್ಲ ಅನ್ನೋದ್ರಿಂದ ಜೀನ್ ಸರಿಯಿದೆ ಅಂತ ಹೇಳಕ್ಕಾಗಲ್ಲ. ಹುಡುಗನಲ್ಲಿ ಸಿಕ್ಕಿದ್ರೆ ಮಾತ್ರ ತಂಗಿಗೆ ಟೆಸ್ಟ್, ಅವಳಲ್ಲೂ ಇದ್ರೆ ಎತ್ತರ, ಪ್ರಾಯಕ್ಕೆ ಬರೋ ಲಕ್ಷಣ, ರಕ್ತದ ಹಾರ್ಮೋನ್ ನೋಡ್ತಾ ಇರ್ತಾರೆ. ಸಿಗದಿದ್ರೆ ಅವಳ ಬಗ್ಗೆ ಚಿಂತೆ ಬಿಡಿ.

ಮುಂದಕ್ಕೆ, ಒಂದೆರಡು ತಿಂಗಳಲ್ಲಿ ಎಲ್ಲಾ ಹಾರ್ಮೋನ್ ಪೂರ್ತಿ ಪರೀಕ್ಷೆ ಮಾಡ್ತಾರೆ, 3ರಿಂದ 6 ತಿಂಗಳಲ್ಲಿ ಮತ್ತೆ ಎಂಆರ್‌ಐ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ವಯಸ್ಸು ನೋಡ್ತಾರೆ, ಮೂಳೆ ಇನ್ನೂ ಕೂಡಿಲ್ಲ ಅಂದ್ರೆ ಬೆಳೆಯೋಕೆ ಅವಕಾಶ ಇದೆ. ಗೆಡ್ಡೆ ಸ್ಥಿರ ಆಗಿದೆ ಅಂತ ಖಾತ್ರಿ ಆದ್ಮೇಲೆ ಬೇಕಾದ್ರೆ ಗ್ರೋತ್ ಹಾರ್ಮೋನ್ ಕೊಡ್ತಾರೆ. ಪ್ರಾಯಕ್ಕೆ ಬರೋ ಲಕ್ಷಣ ಕಾಣದಿದ್ರೆ ಟೆಸ್ಟೊಸ್ಟಿರೋನ್ ಸಣ್ಣ ಡೋಸಲ್ಲಿ ಶುರು ಮಾಡಿ ವರ್ಷಗಟ್ಲೆ ನಿಧಾನಕ್ಕೆ ಏರಿಸೋದು, ಒಮ್ಮೆಲೇ ಜಾಸ್ತಿ ಕೊಟ್ರೆ ಮೂಳೆ ಬೇಗ ಕೂಡಿ ಎತ್ತರ ನಿಂತುಹೋಗುತ್ತೆ. ಪ್ರೊಲ್ಯಾಕ್ಟಿನ್ ಇಳಿದ್ರೆ ಕೆಲವು ಹುಡುಗರಿಗೆ ಇದೆಲ್ಲ ತಾನಾಗೇ ಶುರುವಾಗೋದೂ ಉಂಟು. ಕ್ಯಾಬರ್ಗೋಲಿನ್‌ನಿಂದ ಮೊದಮೊದಲು ವಾಕರಿಕೆ ಬರಬಹುದು, ಊಟ ಆದ್ಮೇಲೆ ರಾತ್ರಿ ಕೊಡಿ. ಸಿಟ್ಟು, ಹಟ, ಸ್ವಭಾವದಲ್ಲಿ ದಿಢೀರ್ ಬದಲಾವಣೆ ಕಂಡ್ರೆ ಹದಿಹರೆಯ ಅಂತ ಬಿಡ್ಬೇಡಿ, ಔಷಧದಿಂದ್ಲೂ ಆಗುತ್ತೆ, ಡಾಕ್ಟರ್‌ಗೆ ಹೇಳಿ.

ನೀಲಿಕೊಡೆ

ಅಣ್ಣ, ವಾಕರಿಕೆ ಮಾತು ಬಂದಿದ್ದಕ್ಕೆ ಹೇಳ್ತೀನಿ, ಕ್ಯಾಬರ್ಗೋಲಿನ್‌ಗೆ ವಾಂತಿ ಆದ್ರೂ ಹೈಡ್ರೊಕಾರ್ಟಿಸೋನ್ ಮಾತ್ರೆ ಹೊರಗೆ ಹೋಯ್ತು ಅಂತಾನೇ ಲೆಕ್ಕ. ತಿಂದ ಸ್ವಲ್ಪ ಹೊತ್ತಿಗೆ ಕಕ್ಕಿದ್ರೆ ಮತ್ತೆ ಕೊಡ್ಬೇಕಾ, ಎಷ್ಟು ಹೊತ್ತಿನ ಒಳಗೆ ಆದ್ರೆ ಕೊಡ್ಬೇಕು, ಯಾವಾಗ ಇಂಜೆಕ್ಷನ್‌ಗೆ ಹೋಗ್ಬೇಕು, ಇದನ್ನ ಡಿಸ್ಚಾರ್ಜ್ ದಿನ ಬರವಣಿಗೇಲಿ ತಗೊಳ್ಳಿ, ಎರಡು ಕಾಪಿ, ಒಂದು ಮನೇಲಿ ಒಂದು ಸ್ಕೂಲ್ ಬ್ಯಾಗಲ್ಲಿ. ರಾತ್ರಿ ಫೋನ್ ಮಾಡೋಕೆ ಯಾವ ನಂಬರ್ ಅಂತಾನೂ ಕೇಳಿ. ಇಂಜೆಕ್ಷನ್‌ನ ಎಕ್ಸ್‌ಪೈರಿ ಡೇಟ್ ಮೊಬೈಲಲ್ಲಿ ರಿಮೈಂಡರ್ ಹಾಕ್ಕೊಳ್ಳಿ.

ಸೋದರಮಾವ_ಕೆ

ಆಯ್ತು ಅಕ್ಕಾ, ಎಲ್ಲಾ ಬರೆದಿಟ್ಕೊಂಡಿದೀನಿ. ನಾಳೆ ಸಿಸ್ಟರ್ ಹತ್ರ ಇಂಜೆಕ್ಷನ್ ಕಲಿಯೋಕೆ ತಂಗಿ ಜೊತೆ ನಾನೂ ಕೂರ್ತೀನಿ, ಹುಡುಗಾನೂ ನಾನೇ ಕಲೀತೀನಿ ಅಂತಿದಾನೆ. ಜೀನ್ ರಿಪೋರ್ಟ್ ಬರೋಕೆ ಟೈಮ್ ಆಗುತ್ತಂತೆ, ಬಂದ್ಮೇಲೆ ಇಲ್ಲೇ ಹಾಕ್ತೀನಿ.